ದೊಡ್ಡವ್ವನ ಸ್ಟೇಷನ್ನು

ನನ್ನ ಮೊಮ್ಮಗನಿಗೆ ಈಗೊಂದು ಹೊಸ ಚಟ ಹತ್ತಿದೆ. ಬೆಳಿಗ್ಗೆ ನಾನು ಚಹಾ ಕುಡಿಯಲು ಕೂತ ಹೊತ್ತಿಗೆ ಸರಿಯಾಗಿ ತನ್ನ ಫೋನು ತಂದು ನನ್ನ ಕಪ್ಪಿನ ಪಕ್ಕ ಒರಗಿಸಿ ನಿಲ್ಲಿಸುತ್ತಾನೆ. ಅದರೊಳಗಿಂದ ಯಾವಳೋ ಹುಡುಗಿ ನಗುನಗುತ್ತ ಸುದ್ದಿ ಹೇಳಲು ಶುರು ಮಾಡುತ್ತಾಳೆ. ಯಾವ ಕಾಲುವೆಗೆ ನೀರು ಬಿಟ್ಟಿದ್ದಾರೆ, ಯಾವ ಓಣಿಯಲ್ಲಿ ಕರೆಂಟು ತೆಗೆಯುತ್ತಾರೆ, ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಯಾರದೋ ಚೀಲ ಯಾರಿಗೋ ಸಿಕ್ಕಿದೆಯಂತೆ, ಗುರುತು ಹೇಳಿ ಒಯ್ಯಬೇಕಂತೆ.

“ಅಜ್ಜೀ, ಇದು ನಮ್ಮ ಕಡೀದ ಸ್ಟೇಷನ್. ಸಿಂಧನೂರು, ಮಸ್ಕಿ, ಲಿಂಗಸೂಗೂರು, ಮೂರೂ ಕಡಿ ಕೇಳಸ್ತೈತಿ!” ಎಂದು ಮೊದಲ ದಿನ ಅವನು, ತಾನೇ ಕಂಬ ನೆಟ್ಟು ಬಂದವನ ಹಾಗೆ ಎದೆ ಉಬ್ಬಿಸಿ ಹೇಳಿದ.

“ಅಷ್ಟನ?” ಅಂದೆ.

ಅವನ ಮುಖ ಬಾಡಿತು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ನನಗೆ ರೇಡಿಯೋ ಅಂದರೆ ಹೊಟ್ಟೆಕಿಚ್ಚು. ಈ ವಯಸ್ಸಿಗೆ ಹಲ್ಲು ಹೋಗಿವೆ, ಮಂಡಿ ಹೋಗಿದೆ, ಓದಿದ್ದೆಲ್ಲ ಅರ್ಧ ಮರೆತಿದೆ, ಹೊಟ್ಟೆಕಿಚ್ಚು ಮಾತ್ರ ಒಂದಿಷ್ಟೂ ಸವೆದಿಲ್ಲ. ಮಂದಿಗೆ ಹಿರಿಯರಿಂದ ಹೊಲ ಬರುತ್ತದೆ, ಬಂಗಾರ ಬರುತ್ತದೆ. ನನಗೆ ನಮ್ಮ ದೊಡ್ಡವ್ವನಿಂದ ಇದು ಬಂತು. ಯಾಕೆಂದರೆ ಇದೇ ಮೂರು ಊರಿಗೆ ಸುದ್ದಿ ಮುಟ್ಟಿಸುವ ಸ್ಟೇಷನ್ನೊಂದು ನಿಜಾಮರ ಕಾಲದಲ್ಲೇ ಇತ್ತು. ಅದು ಮಸ್ಕಿಯಲ್ಲಿ, ನಮ್ಮ ಮನೆಯಲ್ಲೇ ಇತ್ತು. ಅದರ ಹೆಸರು ನೀಲವ್ವ.

ಇತಿಹಾಸ ಬಲ್ಲವರು ಇಲ್ಲಿ ತಕರಾರು ತೆಗೆಯಬಹುದು. ಮಸ್ಕಿಯ ಮೊದಲ ಸ್ಟೇಷನ್ನು ಗುಡ್ಡದ ಬಂಡೆಯಲ್ಲವೇ, ಹಳೆಯ ಕಾಲದ ರಾಜನೊಬ್ಬ ತನ್ನ ಸುದ್ದಿಯನ್ನು ಅಲ್ಲಿ ಕೆತ್ತಿಸಿದ್ದನಲ್ಲ ಎನ್ನಬಹುದು. ಕೆತ್ತಿಸಿದ್ದ, ಒಪ್ಪಿದೆ. ಆದರೆ ಆ ಅಕ್ಷರ ನಮ್ಮೂರಿನ ಯಾವ ನರಮನುಷ್ಯನಿಗೂ ತಿಳಿಯುತ್ತಿರಲಿಲ್ಲ. ಆಡು ಕಾಯುವವರು ಆ ಬಂಡೆಯ ನೆರಳಿಗೆ ಕೂತು ಬುತ್ತಿ ಬಿಚ್ಚುತ್ತಿದ್ದರು, ತಲೆಯ ಮೇಲೆ ರಾಜನ ಸುದ್ದಿ ಹಾಗೇ ನಿಂತಿರುತ್ತಿತ್ತು. ಕೇಳುವವರಿಲ್ಲದ ಮೇಲೆ ಎಷ್ಟು ದೊಡ್ಡ ರಾಜನಾದರೆ ಏನು ಬಂತು? ನಮ್ಮ ದೊಡ್ಡವ್ವನಿಗೆ ಒಂದಕ್ಷರ ಬರೆಯಲು ಬರುತ್ತಿರಲಿಲ್ಲ, ಆದರೆ ಅವಳ ಸುದ್ದಿ ಮುಟ್ಟದ ಒಲೆ ಈ ಸೀಮೆಯಲ್ಲಿರಲಿಲ್ಲ.

ದೊಡ್ಡವ್ವ ಅಂದರೆ ನಮ್ಮ ಅಪ್ಪನ ಅಣ್ಣನ ಹೆಂಡತಿ. ನಮ್ಮದು ಬಳೆಗಾರರ ಮನೆ. ಗಂಡಸರು ಮನೆಯಲ್ಲಿ ಕೂತು ಬಳೆಗಳನ್ನು ಅಳತೆ ನೋಡಿ ಜೋಡಿಸಿ ಹುರಿಗೆ ಪೋಣಿಸುವುದು, ಹೆಂಗಸರು ಆ ಬಳೆಸರಗಳ ಗೊಂಚಲನ್ನು, ಅಂದರೆ ಮಲಾರವನ್ನು, ಹೆಗಲಿಗೆ ಹಾಕಿಕೊಂಡು ಊರೂರು ತಿರುಗುವುದು. ಆಗ ಈಗಿನ ಹಾಗೆ ಕಾಲುವೆ, ಭತ್ತದ ಗದ್ದೆ ಏನೂ ಇರಲಿಲ್ಲ. ಜೋಳದ ಹೊಲ, ಕುರುಚಲು ಗುಡ್ಡ, ಬಂಡಿ ದಾರಿ. ದೊಡ್ಡವ್ವ ಸ್ವಲ್ಪ ದೂರ ಬಂಡಿಯಲ್ಲಿ, ಸ್ವಲ್ಪ ದೂರ ಕಾಲ್ನಡಿಗೆಯಲ್ಲಿ, ಒಂದು ವಾರ ಬಳಗಾನೂರಿನ ಮೇಲೆ ಸಿಂಧನೂರಿಗೆ ಹೋದರೆ ಮರುವಾರ ಹಟ್ಟಿಯ ಗಣಿಯವರ ಮನೆಗಳನ್ನು ಮುಗಿಸಿ ಲಿಂಗಸೂಗೂರಿಗೆ ಹೋಗುವಳು. ಅದೇ ಅವಳ ಸ್ಟೇಷನ್ನಿನ ಹರವು.

ಸುದ್ದಿ ಹೇಳುವುದರಲ್ಲಿ ಅವಳಿಗೊಂದು ಪದ್ಧತಿ ಇತ್ತು. ಮೊದಲು ಕೇಳುವವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಹಿಟ್ಟು ನಾದಿದಂತೆ ನಾದಿ ಮೆತ್ತಗೆ ಮಾಡುವಳು. ಆಗ ಸಣ್ಣಪುಟ್ಟ ಸುದ್ದಿ. ಯಾರ ಎಮ್ಮೆ ಈಯಿತು, ಎಲ್ಲಿ ಮಳೆ ಬಿತ್ತು, ತಹಸೀಲು ಕಚೇರಿಗೆ ಹೊಸದಾಗಿ ಬಂದವನ ಹೆಂಡತಿ ಎಷ್ಟು ಜಂಬದವಳು. ಬಳೆ ಬೆರಳಿನ ಮೇಲೆ ಬಂದಾಗ ಸುದ್ದಿ ದಪ್ಪವಾಗುವುದು. ಬಳೆ ಗೆಣ್ಣಿಗೆ ಬಂದು ಸಿಕ್ಕು ನೋವಾಗುವ ಗಳಿಗೆ ಇರುತ್ತದಲ್ಲ, ಸರಿಯಾಗಿ ಆ ಗಳಿಗೆಗೆ ಸುದ್ದಿಯ ತಿರುಳು ಬಿಡುವಳು. “ಅಕಿ ಸೊಸಿ ತವರಿಗೆ ಹೋದಾಕಿ ತಿರುಗಿ ಬರಂಗಿಲ್ಲ ಅಂದಾಳಂತ!” ಕೇಳುವವಳು “ಅಯ್ಯ ನಮ್ಮವ್ವ!” ಎಂದು ಬಾಯಿ ತೆರೆಯುವಷ್ಟರಲ್ಲಿ ಬಳೆ ಗೆಣ್ಣು ದಾಟಿ ಮುಂಗೈಗೆ ಇಳಿದಿರುತ್ತಿತ್ತು. ನೋವು ಗೊತ್ತೇ ಆಗುತ್ತಿರಲಿಲ್ಲ.

ಆದರೆ ಒಂದು ಸುದ್ದಿಯನ್ನು ಮಾತ್ರ ದೊಡ್ಡವ್ವ ಹೇಳುತ್ತಿರಲಿಲ್ಲ. ಸಾವಿನ ಸುದ್ದಿ. ಹಸಿರು ಬಳೆಯ ಮಲಾರ ಹೆಗಲ ಮೇಲೆ ಇರುವಾಗ ಸತ್ತ ಮಾತು ಆಡಬಾರದು, ಅದು ನಮ್ಮ ಮನೆತನದ ನೇಮ. ಊರಿನ ಓಣಿಗೆ ಕಾಲಿಟ್ಟೊಡನೆ ದೊಡ್ಡವ್ವ ಮನೆಮನೆಯ ಹೆಂಗಸರ ಹೆಸರು ಹಿಡಿದು ಕೂಗುತ್ತ ಬರುವಳು. ಯಾರ ತವರಿನಲ್ಲಿ, ಯಾರ ಮಗಳ ಮನೆಯಲ್ಲಿ ಕೆಟ್ಟದ್ದು ನಡೆದಿದೆಯೋ ಅವರ ಮನೆ ಬಂದಾಗ ಸೆರಗಿನಿಂದ ಮಲಾರ ಮುಚ್ಚಿ, ತಲೆ ತಗ್ಗಿಸಿ, ಸುಮ್ಮನೆ ದಾಟಿ ಹೋಗುವಳು. ಅಷ್ಟೇ. ಆ ಮನೆಯವರು ಅರ್ಥ ಮಾಡಿಕೊಂಡು ಬಂಡಿ ಕಟ್ಟುತ್ತಿದ್ದರು. ಇದು ಸಿಂಧನೂರಿನಿಂದ ಲಿಂಗಸೂಗೂರಿನವರೆಗೆ ಎಲ್ಲರಿಗೂ ಗೊತ್ತಿದ್ದ ಮಾತು. ಹಾಗಾಗಿ ದೊಡ್ಡವ್ವನ ಬೈಗುಳವನ್ನು ಬೇಕಾದರೂ ಜನ ಸಹಿಸುತ್ತಿದ್ದರು, ಅವಳು ಸುಮ್ಮನಿದ್ದರೆ ಸಹಿಸುತ್ತಿರಲಿಲ್ಲ.

ಇಂತಿಪ್ಪ ಸ್ಟೇಷನ್ನಿಗೆ ಎದುರಾಳಿ ಬಂದದ್ದು ಎದುರು ಮನೆಯಿಂದಲೇ.

ಎದುರು ಮನೆ ಹತ್ತಿ ವ್ಯಾಪಾರದ ಸಾಹುಕಾರರದು. ಅವರ ಹೆಂಡತಿ ಗೌರವ್ವ ನಮ್ಮ ದೊಡ್ಡವ್ವನ ಜೀವದ ಗೆಳತಿ. ಇಬ್ಬರೂ ಬಳಗಾನೂರಿನ ಹೆಣ್ಣುಮಕ್ಕಳು, ಒಂದೇ ಬಾವಿಯ ನೀರು ಕುಡಿದವರು. ಒಬ್ಬಳು ಸಾಹುಕಾರರ ಮನೆ ತುಂಬಿದಳು, ಒಬ್ಬಳು ಬಳೆಗಾರರ ಮನೆ ತುಂಬಿದಳು, ಆದರೂ ಒಬ್ಬರಿಗೊಬ್ಬರು ಗೌರಿ, ನೀಲಿ ಎಂದೇ ಕರೆಯುತ್ತಿದ್ದರು. ತವರಿನ ಸುದ್ದಿಯನ್ನು ಗೌರವ್ವನಿಗೆ ಎಲ್ಲರಿಗಿಂತ ಮೊದಲು ಮುಟ್ಟಿಸುವುದು ದೊಡ್ಡವ್ವನಿಗೆ ದೇವರಿಗೆ ನೈವೇದ್ಯ ಹಿಡಿದಂತೆ. ಅಲ್ಲಿ ಹಿಡಿಯದೆ ತಾನು ಉಣ್ಣುತ್ತಿರಲಿಲ್ಲ.

ದೊಡ್ಡ ಯುದ್ಧ ನಡೆದಿದ್ದ ಕಾಲ. ಸಾಹುಕಾರರು ಹೈದರಾಬಾದಿಗೆ ಹೋದವರು ಬರುವಾಗ ಒಂದು ರೇಡಿಯೋ ತಂದರು. ಮದುಮಗಳನ್ನು ಇಳಿಸಿದ ಹಾಗೆ ಅದನ್ನು ಬಂಡಿಯಿಂದ ಇಳಿಸಿದರು. ಗೌರವ್ವ ಆರತಿ ಎತ್ತಿದಳು. ಪಡಸಾಲೆಯ ಎತ್ತರದ ಮೇಜಿನ ಮೇಲೆ ಕಸೂತಿ ಬಟ್ಟೆ ಹಾಸಿ, ಅದನ್ನು ಕೂಡಿಸಿ, ಕುಂಕುಮ ಹಚ್ಚಿದರು. ಮಾಳಿಗೆಯಿಂದ ಬೇವಿನ ಮರಕ್ಕೆ ಒಂದು ತಂತಿ ಕಟ್ಟಿದರು. ದೀಪ ಹಚ್ಚುವ ಹೊತ್ತಿಗೆ ಸಾಹುಕಾರರು ಕೈಕಾಲು ತೊಳೆದುಕೊಂಡು ಬಂದು ಅದರ ಕಿವಿ ಹಿಂಡಿದರು. ಮೊದಲು ಹುರಿಯುವ ಸಪ್ಪಳ, ಆಮೇಲೆ ದಪ್ಪ ದನಿಯ ಉರ್ದು. ನಮ್ಮ ಕಟ್ಟೆಯ ಮೇಲೆ ದೊಡ್ಡವ್ವನ ಸುತ್ತ ಕೂತಿದ್ದ ಜನ ಒಬ್ಬೊಬ್ಬರೇ ಎದ್ದು ಎದುರು ಕಟ್ಟೆಗೆ ಹೋದರು. ಮೊದಲು ಎದ್ದು ಹೋದವನು ಯಾರು ಅಂದುಕೊಂಡಿರಿ? ನಮ್ಮ ದೊಡ್ಡಪ್ಪ. ಸ್ವಂತ ಗಂಡ.

“ಹೋಗ್ಲಿ ಬಿಡು. ಗಂಡಸರಿಗೆ ಹೊಸಾದು ಕಂಡ್ರ ಹಂಗ” ಎಂದು ದೊಡ್ಡವ್ವ ನಮ್ಮ ಅವ್ವನ ಮುಂದೆ ಅಂದಳು. ಅವತ್ತಿನಿಂದ ಅವಳ ಬಾಯಲ್ಲಿ ಆ ರೇಡಿಯೋಗೆ ಸವತಿ ಎಂದೇ ಹೆಸರು.

ಸವತಿ ಹೇಳುತ್ತಿದ್ದದ್ದಾದರೂ ಏನು? ಬಹಳಷ್ಟು ಉರ್ದುವಿನಲ್ಲಿ, ಅದೂ ನಮ್ಮ ಸಂತೆಯ ಉರ್ದು ಅಲ್ಲ, ಶೆರವಾನಿ ತೊಟ್ಟ ಉರ್ದು. ನಡುವೆ ಯಾವಾಗಲೋ ಒಂದಿಷ್ಟು ನಮ್ಮ ಮಾತು ಬಂದರೆ ಆಗಲೇ ತಂತಿ ಕರಕರ ಅನ್ನುತ್ತಿತ್ತು. ಹಾಗಾಗಿ ಸಾಹುಕಾರರೇ ಅರ್ಥ ಹೇಳಬೇಕಾಗಿತ್ತು. ಅವರು ಕಣ್ಣು ಮುಚ್ಚಿ, ತಲೆ ಆಡಿಸುತ್ತ ಎಲ್ಲ ಕೇಳಿ, ಕೊನೆಗೆ ಜನರ ಕಡೆ ತಿರುಗಿ, “ಯುದ್ಧ ನಡದೈತಿ. ನಮ್ಮ ಹುಜೂರರು ಆರಾಮ ಅದಾರ” ಎನ್ನುವರು. ಹುಜೂರರು ಅಂದರೆ ನಿಜಾಮರು. ಮರುದಿನವೂ ಅಷ್ಟೇ. ಅದರ ಮರುದಿನವೂ ಯುದ್ಧ ನಡೆದಿರುತ್ತಿತ್ತು, ಹುಜೂರರು ಆರಾಮವಾಗಿರುತ್ತಿದ್ದರು. ಅಷ್ಟನ್ನು ಕೇಳಲು ಊರು ಊಟ ಬಿಟ್ಟು ಕೂತಿರುತ್ತಿತ್ತು.

“ಹುಜೂರರಿಗೆ ಆರಾಮಿಲ್ಲ ಅಂತ ಯಾರಂದಿದ್ರು?” ಎಂದು ದೊಡ್ಡವ್ವ ನಮ್ಮ ಬಾಗಿಲಲ್ಲಿ ನಿಂತು ಎಲೆ ಅಡಿಕೆ ಉಗುಳುವಳು. ಒಂದು ಸಲ ಠಾಣೆಯ ಅಮೀನ ಸಾಹೇಬರು ರೇಡಿಯೋದ ಪರವಾನಗಿ ನೋಡಲು ಬಂದರು. ಬೇರೆ ಕಡೆಯ ಸ್ಟೇಷನ್ ಹಚ್ಚಬಾರದು ಎಂದು ಸಾಹುಕಾರರಿಗೆ ತಾಕೀತು ಮಾಡಿದರು. ಆ ದಿನ ದೊಡ್ಡವ್ವನಿಗೆ ಹಬ್ಬ. “ನೋಡ್ರಿ, ಸವತಿಗೆ ಮಾತಾಡಾಕ ಸರ್ಕಾರದ ಅಪ್ಪಣಿ ಬೇಕು. ನನ್ನ ಬಾಯಿಗೆ ಯಾವ ಅಮೀನ ಬರ್ತಾನ ಬರ್ಲಿ!” ಎಂದು ಓಣಿಗೆಲ್ಲ ಕೇಳುವ ಹಾಗೆ ಸಾರಿದಳು. ಅಮೀನ ಸಾಹೇಬರು ಆ ಬಾಯಿಯ ಕಡೆ ಒಮ್ಮೆ ನೋಡಿ ಕುದುರೆ ಹತ್ತಿ ಹೋದರು.

ಇನ್ನೊಂದು ಹಬ್ಬ ಎಂದರೆ ಸವತಿಯ ಬ್ಯಾಟರಿ ಇಳಿದ ದಿನ. ನಮ್ಮೂರಿಗೆ ಆಗ ಕರೆಂಟು ಎಲ್ಲಿಯದು? ಕಲ್ಲಿನಂಥ ಆ ಬ್ಯಾಟರಿಯನ್ನು ಹುಲ್ಲು ಹಾಸಿದ ಬಂಡಿಯಲ್ಲಿ ಮಲಗಿಸಿ, ಕರೆಂಟು ಇದ್ದ ಹಟ್ಟಿಯ ಕಡೆ ಒಯ್ದು ತುಂಬಿಸಿಕೊಂಡು ಬರಬೇಕು. ಅದು ಹೋಗಿ ಬರುವವರೆಗೆ ಎದುರು ಕಟ್ಟೆ ಬರಿದು, ನಮ್ಮ ಕಟ್ಟೆ ಭರ್ತಿ. ದೊಡ್ಡಪ್ಪನೂ ಏನೂ ಆಗದವನ ಹಾಗೆ ಬಂದು ತನ್ನ ಹಳೆಯ ಜಾಗದಲ್ಲಿ ಕೂಡುವನು. ದೊಡ್ಡವ್ವ ಅವನ ಕಡೆ ನೋಡದೆ ಸುದ್ದಿ ಹೇಳುವಳು. ಒಮ್ಮೆ ಅವಳು ಹಟ್ಟಿಯಿಂದ ಬರುವಾಗ ಬೇರೆ ಬಂಡಿ ಸಿಗದೆ ಆ ಬ್ಯಾಟರಿಯ ಬಂಡಿಯಲ್ಲೇ ಬರಬೇಕಾಯಿತು. ತಗ್ಗುದಿಣ್ಣೆಯ ದಾರಿಯಲ್ಲಿ ಅದು ಹೊರಳಿ ಬೀಳದಂತೆ ಗಟ್ಟಿಯಾಗಿ ಹಿಡಿದುಕೊಂಡು ಬಂದವಳೂ ಅವಳೇ. ಇಳಿದವಳೇ ನಮ್ಮ ಅವ್ವನಿಗೆ ಹೇಳಿದಳು. “ಸವತೀನ ತೊಡಿ ಮ್ಯಾಲೆ ಕುಂಡ್ರಿಸ್ಕೊಂಡು ಬಂದೀನಿ ನೋಡವಾ. ಇದಕ್ಕ ಹೊಟ್ಟಿ ತುಂಬಬೇಕಂದ್ರ ಹಟ್ಟಿಗೆ ಹೋಗಬೇಕು. ನಾ ಎರಡು ರೊಟ್ಟಿ ತಿಂದ್ರ ಸಿಂಧನೂರು ಮುಟ್ಟತೀನಿ.”

ನನ್ನ ಹೊಟ್ಟೆಕಿಚ್ಚು ಇದಕ್ಕಿಂತ ಸಣ್ಣದು, ಆದರೆ ಉರಿ ಕಡಿಮೆಯಿರಲಿಲ್ಲ. ಸಾಹುಕಾರರ ಚಿಕ್ಕ ಮಗಳು ಪಾರ್ವತಿ ನನ್ನ ಓರಗೆಯವಳು. ರೇಡಿಯೋ ಬರುವವರೆಗೆ ಅವಳಿಗೆ ನಮ್ಮ ಮನೆಯ ಒಡಕು ಬಳೆಯ ಚೂರು ಅಂದರೆ ಪ್ರಾಣ. ಬಣ್ಣಬಣ್ಣದ ಚೂರು ಕೊಟ್ಟರೆ ನಾನು ಹೇಳಿದ್ದನ್ನೆಲ್ಲ ಕೇಳುತ್ತಿದ್ದಳು. ರೇಡಿಯೋ ಬಂದ ಮೇಲೆ ಅವಳ ನಡಿಗೆಯೇ ಬದಲಾಯಿತು. “ನಮ್ಮಪ್ಪ ಇವತ್ತು ನನ್ನ ಕೈಲೆ ಕಿವಿ ತಿರುವಿಸ್ಯಾನ” ಎಂದು ಬೆರಳು ಚಾಚಿ ತೋರಿಸುವಳು. ತಂತಿಯ ಮೇಲೆ ಗುಬ್ಬಿ ಕೂತರೆ ದನಿ ಒಡೆಯುತ್ತದೆ ಎಂದು ಅವಳೇ ಒಮ್ಮೆ ಗುಟ್ಟು ಬಿಟ್ಟುಕೊಟ್ಟಳು. ಅಂದಿನಿಂದ ನಮ್ಮ ಮನೆಯ ನುಚ್ಚೆಲ್ಲ ಆ ಬೇವಿನ ಮರದ ಕೆಳಗೆ. ಊರಿನ ಗುಬ್ಬಿಗಳೆಲ್ಲ ದಷ್ಟಪುಷ್ಟವಾದವೇ ಹೊರತು ಸವತಿಯ ಗಂಟಲಿಗೆ ಏನೂ ಆಗಲಿಲ್ಲ.

ಇಷ್ಟರವರೆಗೆ ಇದೆಲ್ಲ ನಗೆಯ ಮಾತು. ದೊಡ್ಡವ್ವನಿಗೆ ನಿಜವಾಗಿ ಗಾಯವಾದದ್ದು ಒಂದು ಸಂಜೆ. ಬಳಗಾನೂರಿನಿಂದ ಬಂದವಳು ಎಂದಿನಂತೆ ನೇರ ಗೌರವ್ವನ ಮನೆಗೆ ಹೋಗಿದ್ದಳು. ನಾನೂ ಹಿಂದೆ ಹೋಗಿದ್ದೆ. ಗೌರವ್ವನ ಕೈ ದೊಡ್ಡವ್ವನ ಕೈಯಲ್ಲಿತ್ತು. ಗೌರವ್ವನ ಮುದಿ ತಾಯಿ ಬಹಳ ದಿನದ ಮೇಲೆ ಹಾಸಿಗೆಯಿಂದ ಎದ್ದು, ಗೋಡೆ ಹಿಡಿದು, ಅಂಗಳದ ತುಳಸಿಯವರೆಗೆ ನಡೆದಿದ್ದಳಂತೆ. ಅದನ್ನು ದೊಡ್ಡವ್ವ ಎಷ್ಟು ಚೆಂದ ಕಟ್ಟಿಕೊಂಡು ಬಂದಿದ್ದಳು! ತಾಯಿ ಗೋಡೆ ಹಿಡಿದಳು, ಹೊಸ್ತಿಲು ದಾಟಿದಳು, ಇತ್ತ ಬಳೆ ಗೆಣ್ಣಿಗೆ ಬಂತು. ಆಗ ಪಡಸಾಲೆಯಲ್ಲಿ ಸವತಿ ಗಂಟಲು ಸರಿಮಾಡಿಕೊಂಡಿತು. ಗೌರವ್ವ ಇನ್ನೊಂದು ಕೈ ಎತ್ತಿ, “ತಡಿ ನೀಲಿ, ಖಬರು ಹೇಳಾಕತ್ತಾರ” ಎಂದಳು.

ಬಳೆ ಗೆಣ್ಣಿನ ಮೇಲೇ ನಿಂತಿತು. ಗೌರವ್ವನ ಮುಖ ಪಡಸಾಲೆಯ ಕಡೆ ತಿರುಗಿತ್ತು. ದೊಡ್ಡವ್ವ ಸ್ವಲ್ಪ ಹೊತ್ತು ಆ ಕೈಯನ್ನು ಹಾಗೇ ಹಿಡಿದುಕೊಂಡು ಕೂತಳು. ಆಮೇಲೆ ಬಳೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದು ತೆಗೆದು, ಮಲಾರ ಎತ್ತಿಕೊಂಡು ಎದ್ದಳು. ಅವಳು ಎದ್ದದ್ದು ಗೌರವ್ವನಿಗೆ ತಿಳಿಯಲೇ ಇಲ್ಲ. ಮನೆಗೆ ಬಂದ ದೊಡ್ಡವ್ವ ಆ ದಿನ ಬೈಯಲಿಲ್ಲ, ನಗಲಿಲ್ಲ. “ತಾಯಿ ಎದ್ದು ನಡದಾಳ ಅಂತ ಹೇಳಾಕತ್ತಿದ್ದೆ. ತಡಿ ಅಂದ್ಲು. ಇನ್ನ ಮ್ಯಾಲೆ ಅಕೀ ಸುದ್ದಿ ಅಕೀ ಪೆಟಗೀನ ಹೇಳ್ಲಿ” ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಗೆಳತಿ ತನ್ನೊಡನೆ ಜಗಳವಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಜಗಳ ಆಗಿದೆ ಎನ್ನುವುದೇ ಗೆಳತಿಗೆ ಗೊತ್ತಿಲ್ಲ, ಅದನ್ನು ತಡೆದುಕೊಳ್ಳುವುದು ಹೇಗೆ?

ಗೌರವ್ವನ ಹಿರಿಯ ಮಗಳು ಶಂಕ್ರವ್ವನನ್ನು ಸಿಂಧನೂರಿಗೆ ಕೊಟ್ಟಿದ್ದರು. ಮೊದಲ ಹೆರಿಗೆ ತವರಿನಲ್ಲಿ, ನಮ್ಮ ಕಣ್ಣೆದುರೇ ಆಗಿತ್ತು. ಮೂರು ದಿನ ಒದ್ದಾಡಿದ್ದಳು, ಕೂಸು ಉಳಿದಿರಲಿಲ್ಲ. ಈಗ ಎರಡನೆಯದು, ಗಂಡನ ಮನೆಯಲ್ಲಿ. ದಿನ ತುಂಬಿತ್ತು. ಸಾಹುಕಾರರು ಹತ್ತಿಯ ಸುಗ್ಗಿ ಬಿಟ್ಟು ಹೋಗುವ ಹಾಗಿರಲಿಲ್ಲ, ಗೌರವ್ವ ಒಬ್ಬಳೇ ಹೋಗುವ ಹಾಗಿರಲಿಲ್ಲ. ಸಿಂಧನೂರಿಗೆ ಹೊರಟ ದೊಡ್ಡವ್ವನನ್ನು ಬಾಗಿಲಲ್ಲಿ ತಡೆದು ಗೌರವ್ವ, “ನೀಲಿ, ನಮ್ಮ ಶಂಕ್ರೀನ ನೋಡಿ ಬಾ. ನಿನ್ನ ದಾರೀನ ಕಾಯ್ತೀನಿ” ಎಂದಳು. ದೊಡ್ಡವ್ವ ಮಲಾರ ಹೆಗಲಿಗೆ ಏರಿಸಿಕೊಂಡು ಬಂಡಿಯ ಕಡೆ ನಡೆದಳು.

ಅವಳು ತಿರುಗಿ ಬಂದ ಸಂಜೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನು ನಮ್ಮ ಕಟ್ಟೆಯ ಮೇಲೆ ಬಳೆಚೂರು ಆರಿಸುತ್ತಿದ್ದೆ. ಎದುರು ಕಟ್ಟೆ ತುಂಬಿತ್ತು, ದೊಡ್ಡಪ್ಪ ಮುಂದಿನ ಸಾಲಿನಲ್ಲಿದ್ದ, ಸವತಿ ಏರುದನಿಯಲ್ಲಿ ಯಾವುದೋ ದೂರದ ಊರಿನ ಮೇಲೆ ಬಾಂಬು ಬಿದ್ದದ್ದನ್ನು ಹೇಳುತ್ತಿತ್ತು. ಗೌರವ್ವ ಮಾತ್ರ ಒಳಗಿರಲಿಲ್ಲ. ಬಾಗಿಲ ಕಂಬ ಹಿಡಿದು ಓಣಿಯ ತುದಿಯನ್ನೇ ನೋಡುತ್ತ ನಿಂತಿದ್ದಳು. ದೊಡ್ಡವ್ವ ಓಣಿಯ ತುದಿಯಲ್ಲಿ ಕಾಣಿಸಿಕೊಂಡಳು. ಮೊದಲ ಮನೆಯ ಹೆಂಗಸನ್ನು ಕೂಗಿ ಮಾತಾಡಿಸಿದಳು, ಎರಡನೆಯ ಮನೆಯವಳಿಗೆ ಅವಳ ತಮ್ಮನ ಸುದ್ದಿ ಹೇಳಿದಳು. ಎದುರು ಕಟ್ಟೆಯಿಂದ ಯಾರೋ, ನಮ್ಮ ದೊಡ್ಡಪ್ಪನೇ ಇರಬೇಕು, “ಶ್! ಖಬರು ನಡದಾವು!” ಎಂದರು.

ದೊಡ್ಡವ್ವನ ಬಾಯಿ ಕಟ್ಟಿತು. ಗೌರವ್ವನ ಮನೆ ಬಂತು. ದೊಡ್ಡವ್ವ ಸೆರಗನ್ನು ಎಳೆದುಕೊಂಡಳು, ತಲೆ ತಗ್ಗಿಸಿದಳು, ಗೌರವ್ವನ ಮುಖ ನೋಡದೆ ದಾಟಿ ನಮ್ಮ ಮನೆಗೆ ಬಂದುಬಿಟ್ಟಳು.

ಒಳಗೆ ಬಂದವಳು ಮಲಾರವನ್ನು ಗೂಟಕ್ಕೆ ಹಾಕಿ ನೀರು ಕುಡಿದಳು. ಮುಖದಲ್ಲಿ ಗೆಲುವು ಉಕ್ಕುತ್ತಿತ್ತು. “ಶಂಕ್ರಿ ಹಡದಾಳ. ಹೆಣ್ಣು ಕೂಸು. ತಾಯಿ ಮಗಳು ಇಬ್ರೂ ಗಟ್ಟಿ ಅದಾರ. ನಾನ ಕೂಸಿನ ಕೈಗೆ ಕರಿ ಬಳಿ ಇಟ್ಟು ಬಂದೀನಿ” ಎಂದು ನಮ್ಮ ಅವ್ವನ ಕಿವಿಯಲ್ಲಿ ಹೇಳಿದಳು.

“ಮತ್ತ ಗೌರಕ್ಕಗ ಹೇಳಲಿಲ್ಲೇನಕ್ಕ?” ಅವ್ವ ಕೇಳಿದಳು.

“ಹೇಳಂಗಿಲ್ಲ. ಪೆಟಗಿ ಐತೆಲ್ಲ, ಹೇಳ್ಲಿ. ನಾಳೆ ಬಂದು ನನ್ನ ಕಾಲು ಹಿಡೀಲಿ, ಆಗ ನೋಡೋಣು.”

ಅವ್ವ ಏನೋ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಎದುರು ಮನೆಯಿಂದ ಒಂದು ಕೂಗು ಕೇಳಿಸಿತು. ಅದು ಹೆಂಗಸಿನ ದನಿ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. “ಹೋದ್ಯಲ್ಲೇ ನನ್ನವ್ವಾ! ಹೋದ್ಯಲ್ಲೇ ಶಂಕ್ರೀ!” ಆ ಕೂಗಿನ ಕೆಳಗೆ ಸವತಿ ಇನ್ನೂ ಬಾಂಬಿನ ಸುದ್ದಿ ಹೇಳುತ್ತಲೇ ಇತ್ತು. ಅದಕ್ಕೇನು ಗೊತ್ತು.

ದೊಡ್ಡವ್ವನ ಮುಖದ ಬಣ್ಣ ಹೋಯಿತು. ಅವಳು ಗೆಳತಿಯ ಮೇಲೆ ಮುನಿಸಿಕೊಂಡು ಸುಮ್ಮನಾಗಿದ್ದಳು. ಆದರೆ ತಾನು ಸುಮ್ಮನಿದ್ದರೆ ಅದಕ್ಕೆ ಈ ಮೂರು ಊರಿನಲ್ಲಿ ಒಂದೇ ಅರ್ಥ ಎನ್ನುವುದನ್ನು, ಆ ನೇಮವನ್ನು ತಾನೇ ನಡೆಸಿಕೊಂಡು ಬಂದವಳು, ಹೊಟ್ಟೆಕಿಚ್ಚಿನಲ್ಲಿ ಮರೆತೇಬಿಟ್ಟಿದ್ದಳು. “ಅಯ್ಯೋ ನನ್ನ ಬಾಯಿಗೆ ಮಣ್ಣು ಬೀಳ!” ಎಂದವಳೇ ಬಾಗಿಲಿಗೆ ಓಡಿದಳು, ಅರ್ಧಕ್ಕೆ ತಿರುಗಿ ಬಂದಳು, ಗೂಟದಿಂದ ಮಲಾರ ಕಿತ್ತು ಹೆಗಲಿಗೆ ಹಾಕಿಕೊಂಡಳು, ಸೆರಗು ಹಿಂದಕ್ಕೆ ಎಸೆದಳು. ಬಳೆಗಳನ್ನು ಝಲ್ ಝಲ್ ಕುಣಿಸುತ್ತ ಬರಿಗಾಲಲ್ಲಿ ಓಣಿ ದಾಟಿದಳು.

“ಏ ಗೌರೀ! ಮಲಾರ ನೋಡ ಬೇ! ಮಲಾರ ಹೆಗಲ ಮ್ಯಾಲೈತಿ ನೋಡು!”

ಗೌರವ್ವ ನೆಲದ ಮೇಲೆ ಬಿದ್ದಿದ್ದಳು. ಎರಡೂ ಕೈ ನೆಲಕ್ಕೆ ಬಡಿದುಕೊಂಡು ಕೈತುಂಬ ಇದ್ದ ಬಳೆಗಳೆಲ್ಲ ಚೂರಾಗಿ ಮುಂಗೈಯಲ್ಲಿ ರಕ್ತ ಹರಿಯುತ್ತಿತ್ತು. ಪಾರ್ವತಿ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ನನಗೆ ಅವಳ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಆಗ ಎಲ್ಲಿ ಹೋಯಿತೋ, ಹೋಗಿ ಅವಳ ಕೈ ಹಿಡಿದುಕೊಂಡೆ. ದೊಡ್ಡವ್ವ ಗೌರವ್ವನ ಎದುರು ಕುಸಿದು ಕೂತು, “ಅದಾಳ ಬೇ, ನಿನ್ನ ಮಗಳು ಅದಾಳ. ಹೆಣ್ಣು ಹಡದಾಳ. ಗಟ್ಟಿ ಅದಾಳ” ಎಂದು ಅವಳನ್ನು ಅಲುಗಾಡಿಸಿದಳು. ಗೌರವ್ವ ಕಣ್ಣು ಬಿಟ್ಟು ಮೊದಲು ನೋಡಿದ್ದು ದೊಡ್ಡವ್ವನ ಮುಖವನ್ನಲ್ಲ, ಹೆಗಲ ಮೇಲಿನ ಮಲಾರವನ್ನು. ಮಲಾರ ಕಂಡ ಮೇಲೆಯೇ ಅವಳಿಗೆ ಉಸಿರು ಬಂತು.

ಸಾಹುಕಾರರು ಎದ್ದು ಹೋಗಿ ರೇಡಿಯೋ ಆರಿಸಿದರು. ಅದು ಮಾತಾಡುತ್ತಿದ್ದಾಗ ಯಾರಾದರೂ ಅದರ ಬಾಯಿ ಮುಚ್ಚಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

ದೊಡ್ಡವ್ವ ಗೌರವ್ವನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಚೂರು ತೆಗೆದಳು. ಅರಿಶಿನ ಒತ್ತಿದಳು. ಆಮೇಲೆ ಹಸಿರು ಬಳೆ ತೆಗೆದು ಹಾಕಲು ಶುರು ಮಾಡಿದಳು. “ಕೂಸಿನ ಮೂಗು ನಿಂದ. ಮೊಂಡ ಮೂಗು. ಬಣ್ಣ ಅವರಪ್ಪಂದು. ತೊಟ್ಟಲದಾಗ ಕಾಲು ಒದ್ಯಾಕತ್ತೈತಿ. ನಾ ಕರಿ ಬಳಿ ಇಡುವಾಗ ನನ್ನ ಬೆರಳು ಹಿಡೀತು ನೋಡು, ಬಿಡಂಗಿಲ್ಲ ಅಂತು.” ಅಷ್ಟರಲ್ಲಿ ಬಳೆ ಗೆಣ್ಣು ದಾಟಿತ್ತು. ಗೌರವ್ವ ಅಳುತ್ತಿದ್ದಳು, ನಗುತ್ತಿದ್ದಳು, ನೋವು ಅವಳಿಗೆ ತಿಳಿಯಲಿಲ್ಲ. ಎದುರು ಕಟ್ಟೆಯ ಅಷ್ಟೂ ಜನ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಯಾರೂ ಶ್ ಅನ್ನಲಿಲ್ಲ.

ಕೈತುಂಬ ಬಳೆ ಆದ ಮೇಲೆ ಗೌರವ್ವ ಕೇಳಿದಳು. “ಮತ್ಯಾಕ ಸುಮ್ಮನ ಹೋದಿ?”

ದೊಡ್ಡವ್ವ ತಲೆ ಎತ್ತಲಿಲ್ಲ. “ಹೊಟ್ಟಿಕಿಚ್ಚಿಗೆ ಬೇ. ನೀ ಅದರ ಮಾತು ಕೇಳ್ತಿ. ನಿಮ್ಮವ್ವ ಎದ್ದು ನಡದಾಳ ಅಂತ ನಾ ಹೇಳಾಕತ್ರ, ತಡಿ ಅಂದಿ.”

ಗೌರವ್ವನಿಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. “ನಮ್ಮವ್ವ ಎದ್ದು ನಡದಾಳೇನು?” ಎಂದಳು ಮೊದಲು. ಆಮೇಲೆ ಹೊಸ ಬಳೆಯ ಕೈಯಿಂದ ದೊಡ್ಡವ್ವನ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಅದೇ ಕೈಯಿಂದ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದು ಹೇಳಿದಳು. “ಸಿಟ್ಟು ಬಂದ್ರ ಬೈದು ಹೋಗು ನೀಲಿ. ಓಣಿ ತುಂಬ ನಿಂತು ಬೈದು ಹೋಗು. ಸುಮ್ಮನ ಮಾತ್ರ ಹೋಗಬ್ಯಾಡ.”

ದೊಡ್ಡವ್ವ ಆ ಮಾತನ್ನು ಚಾಚೂ ತಪ್ಪದೆ ನಡೆಸಿದಳು. ಮರುವಾರದಿಂದಲೇ ಅವಳು ಓಣಿಗೆ ಬಂದರೆ ಗೌರವ್ವನ ಮನೆಯ ಮುಂದೆ ನಿಂತು ದೊಡ್ಡ ದನಿಯಲ್ಲಿ, “ಇನ್ನೂ ಸತ್ತಿಲ್ಲೇನು ಈ ಸವತಿ? ಇದರ ಗಂಟಲಾಗ ಗುಬ್ಬಿ ಗೂಡು ಕಟ್ಟ!” ಎಂದು ರೇಡಿಯೋಗೆ ಬೈಯುವಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ಗೌರವ್ವ ನಕ್ಕು, ಒಲೆಯ ಮುಂದೆ ಕೂತ ಪಾರ್ವತಿಗೆ, “ಬಳಗಾನೂರಾಗ ಎಲ್ಲಾರೂ ಆರಾಮ ಅದಾರವಾ, ಸಿಂಧನೂರಾಗೂ ಆರಾಮ ಅದಾರ” ಎನ್ನುವಳು. ಪೂರ್ತಿ ಸುದ್ದಿ ಆಮೇಲೆ ಬಳೆಯ ಜೊತೆ ಬರುತ್ತಿತ್ತು. ಸಾಹುಕಾರರೂ ದೊಡ್ಡವ್ವನ ಬೈಗುಳ ಕೇಳಿಸಿದರೆ ಸಾಕು, ತಾವೇ ಎದ್ದು ಸವತಿಯ ದನಿ ಸಣ್ಣದು ಮಾಡುತ್ತಿದ್ದರು. ನಮ್ಮ ದೊಡ್ಡಪ್ಪ ಮಾತ್ರ ಕೊನೆಯವರೆಗೂ ಎದುರು ಕಟ್ಟೆಯ ಮುಂದಿನ ಸಾಲು ಬಿಡಲಿಲ್ಲ. ಎಲ್ಲ ಸುದ್ದಿಗೂ ಸುಖಾಂತ ಇರುವುದಿಲ್ಲ.

ಆಮೇಲೆ ಯುದ್ಧ ಮುಗಿಯಿತು, ಹುಜೂರರೂ ಹೋದರು, ದೊಡ್ಡವ್ವ ಗೌರವ್ವ ಇಬ್ಬರೂ ಒಬ್ಬರ ಹಿಂದೊಬ್ಬರು ಹೋದರು. ನಾನು ಓದಿ ಶಾಲೆಯ ಟೀಚರಾಗಿ, ಮಲಾರ ಹೊರದೆ, ಬಾಯಿಯೊಂದನ್ನೇ ನಂಬಿ ಬದುಕಿದೆ. ಹೊಟ್ಟೆಕಿಚ್ಚು ಮಾತ್ರ ಹೇಳಿದೆನಲ್ಲ, ಹಾಗೇ ಇದೆ. ಮೊಮ್ಮಗ ಬೆಳಿಗ್ಗೆ ಫೋನು ತಂದು ಇಟ್ಟೊಡನೆ, “ಬಂದ್ಲೇನಪಾ ಸವತಿ? ಇಕೀ ಬಾಯಿಗೆ ಬೀಗ ಇಲ್ಲೇನು?” ಎಂದು ಶುರು ಮಾಡುತ್ತೇನೆ. ಆ ಹುಡುಗಿ ತನ್ನ ಪಾಡಿಗೆ ತಾನು ನಗುತ್ತಾಳೆ, ನಾನು ನನ್ನ ಪಾಡಿಗೆ ಬೈಯುತ್ತೇನೆ. ಅಡಿಗೆಮನೆಯಲ್ಲಿ ಸೊಸೆ ರೊಟ್ಟಿ ಬಡಿಯುತ್ತಿರುತ್ತಾಳೆ.

ಮೊನ್ನೆ ಹೀಗಾಯಿತು. ಫೋನಿನ ಹುಡುಗಿ ಬಳಗಾನೂರಿನ ಒಬ್ಬ ಮುದುಕಿಯನ್ನು ಮಾತಾಡಿಸುತ್ತಿದ್ದಳು. ಹಳೆಯ ಬಾವಿಯ ಮಾತು, ಅದರ ನೀರಿನ ರುಚಿಯ ಮಾತು. ಆ ದನಿಯಲ್ಲಿ ಏನಿತ್ತೋ, ನಾನು ಚಹಾ ಮರೆತು ಕಿವಿಗೊಟ್ಟು ಕೂತುಬಿಟ್ಟೆ. ಬೈಯಲು ನೆನಪಾಗಲಿಲ್ಲ. ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಸೊಸೆ ಓಡಿ ಬಂದಳು. ಹಿಟ್ಟಿನ ಕೈಯಲ್ಲೇ ನನ್ನ ಮುಂಗೈ ಹಿಡಿದು, ಮುಖ ನೋಡುತ್ತ, “ಅತ್ತೀ, ಯಾಕ ಸುಮ್ಮನಾದ್ರಿ? ಏನಾತ್ರಿ?” ಎಂದಳು.

ರೇಡಿಯೋ ಚೆನ್ನಾಗಿತ್ತು, ಕೇಳುತ್ತ ಕೂತಿದ್ದೆ ಎಂದು ಹೇಳಲು ನನ್ನ ನಾಲಗೆ ಏಳಲಿಲ್ಲ. ದೊಡ್ಡವ್ವ ಮೇಲಿನಿಂದ ನೋಡುತ್ತಿರುತ್ತಾಳೆ.

“ಏನಿಲ್ಲವಾ, ಈ ಸವತಿ ಇನ್ನೂ ಸತ್ತಿಲ್ಲ” ಅಂದೆ.

ಸೊಸೆಯ ಕೈ ಸಡಿಲಾಯಿತು. ಉಸಿರು ಬಿಟ್ಟು, ನಕ್ಕು, ಒಲೆಯ ಕಡೆ ಹೋದಳು. ನನ್ನ ಮುಂಗೈಯ ಮೇಲೆ ಬಳೆಯ ಸುತ್ತ ಜೋಳದ ಹಿಟ್ಟು ಹತ್ತಿತ್ತು. ಬಹಳ ಹೊತ್ತು ಒರೆಸಿಕೊಳ್ಳಲಿಲ್ಲ.